23 ವರ್ಷ ಹಿಡಿಯುವ ಓದು

ಪ್ರಿಯ ಸಹೋದರ ಸಹೋದರಿಯರೇ,

ಒಂದು ಸಣ್ಣ ಲೆಕ್ಕದಿಂದ ಶುರು ಮಾಡುತ್ತೇನೆ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, 66 ಪುಸ್ತಕಗಳು, 1189 ಅಧ್ಯಾಯಗಳು. ಮನೆಯಲ್ಲಿ ಸೇರುವ ಒಂದು ಕೂಟ ವಾರಕ್ಕೊಂದು ಅಧ್ಯಾಯದಂತೆ, ಒಂದು ವಾರವೂ ಬಿಡದೆ ಓದಿದರೆ ಆದಿಕಾಂಡದಿಂದ ಪ್ರಕಟನೆಗೆ ಬರುವಷ್ಟರಲ್ಲಿ ಹೆಚ್ಚುಕಡಿಮೆ 23 ವರ್ಷ ಆಗಿರುತ್ತದೆ. ವಾರ ಬಿಡದ ಕೂಟವನ್ನು ನಾನಂತೂ ಕಂಡಿಲ್ಲ. ಮದುವೆ, ಜ್ವರ, ಮಕ್ಕಳ ಪರೀಕ್ಷೆ ಎಲ್ಲ ಇದ್ದದ್ದೇ. ಮೂವತ್ತರ ಪ್ರಾಯದಲ್ಲಿ ಆದಿಕಾಂಡ ತೆರೆದು ಕೂತವರು ಪ್ರಕಟನೆ ಮುಗಿಸುವ ಹೊತ್ತಿಗೆ ಐವತ್ತು ದಾಟಿರುತ್ತಾರೆ.

ಇಷ್ಟು ನಿಧಾನ ಯಾಕೆ, ಬೇಗ ಓದಿಸುವ ದಾರಿ ಇಲ್ಲವೇ ಎಂದು ಕೂಟ ನಡೆಸುವವರು ಆಗಾಗ ಕೇಳುತ್ತಾರೆ. ದಾರಿ ಇದೆ, ಬೇಕಾದಷ್ಟಿವೆ. ಆದರೆ ನನ್ನ ಮಟ್ಟಿಗೆ ಆ ನಿಧಾನವೇ ವರ್ಷಗಟ್ಟಲೆ ಒಟ್ಟಿಗೆ ಓದುವ ಹಳೆಯ ಕೂಟದ ಭಾಗ್ಯ. ಅಷ್ಟು ವರ್ಷಗಳಲ್ಲಿ ಓದುವವರ ಬದುಕಿನಲ್ಲಿ ಏನೇನು ಆಗುತ್ತದೋ ಅದೆಲ್ಲ ಓದಿನೊಳಗೂ ಬರುತ್ತದೆ. ಇವತ್ತು ನಾನು ಹೇಳಬೇಕೆಂದುಕೊಂಡಿರುವುದು ಇದೊಂದೇ.

ಯೋಬನ ಪುಸ್ತಕವನ್ನೇ ತೆಗೆದುಕೊಳ್ಳಿ. 42 ಅಧ್ಯಾಯ, ವಾರದ ಕೂಟಕ್ಕೆ ಹತ್ತು ತಿಂಗಳ ಕೆಲಸ. ಹೊಸ ಕೂಟದಲ್ಲಿ ಇದನ್ನು ಓದುವಾಗ ಚರ್ಚೆ ಬಲು ಜೋರು. ನೀತಿವಂತನಿಗೆ ಕಷ್ಟ ಯಾಕೆ, ಸೈತಾನನಿಗೆ ದೇವರು ಅಪ್ಪಣೆ ಕೊಟ್ಟದ್ದೇಕೆ, ಯೋಬನೊಂದಿಗೆ ವಾದಿಸಿದ ಎಲೀಹು ಹೇಳಿದ್ದರಲ್ಲಿ ತಪ್ಪೇನಿದೆ? ಎಲ್ಲರ ಹತ್ತಿರವೂ ಉತ್ತರ ಇರುತ್ತದೆ. ಅದೇ ಜನ ಹಲವು ವರ್ಷಗಳ ಮೇಲೆ ಮತ್ತೆ ಯೋಬನ ಹತ್ತಿರ ಬರುತ್ತಾರೆ. ಅಷ್ಟರಲ್ಲಿ ಒಬ್ಬರು ಮಗನನ್ನು ಕಳೆದುಕೊಂಡಿರುತ್ತಾರೆ, ಇನ್ನೊಬ್ಬರ ಕೆಲಸ ಹೋಗಿರುತ್ತದೆ, ಮತ್ತೊಬ್ಬರು ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಬಂದು ಕೂತಿರುತ್ತಾರೆ. ಆಗ ಓದು ಎರಡನೆಯ ಅಧ್ಯಾಯದ ಕೊನೆಯ ವಚನದಲ್ಲಿ ನಿಂತುಬಿಡುತ್ತದೆ. ಯೋಬನ ಗೆಳೆಯರಾದ ಎಲೀಫಜ, ಬಿಲ್ದದ, ಚೋಫರ ಮೂವರೂ ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಬ್ಬರೂ ಒಂದು ಮಾತಾಡಲಿಲ್ಲ. ಮೊದಲ ಸಲ ಓದಿದಾಗ ಈ ವಚನದ ಮೇಲೆ ಯಾರ ಕಣ್ಣೂ ನಿಂತಿರಲಿಲ್ಲ. ಆ ಮೂವರು ಇಡೀ ಪುಸ್ತಕದಲ್ಲಿ ಮಾಡಿದ ಒಳ್ಳೆಯ ಕೆಲಸ ಅದೊಂದೇ ಎಂದರೂ ತಪ್ಪಿಲ್ಲ. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು. ಕೊನೆಯ ಅಧ್ಯಾಯದಲ್ಲಿ ಕರ್ತನು ಅವರ ಮೇಲೆ ಕೋಪಗೊಂಡದ್ದು ಅವರ ಮಾತುಗಳಿಗಾಗಿ.

88ನೆಯ ಕೀರ್ತನೆಯೂ ಹಾಗೆಯೇ. ದುಃಖದ ಕೀರ್ತನೆಗಳು ಸಾಮಾನ್ಯವಾಗಿ ಎಲ್ಲಾದರೂ ಒಂದು ಕಡೆ ಭರವಸೆಯ ಕಡೆಗೆ ಹೊರಳುತ್ತವೆ. ಇದು ಹೊರಳುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಹೊಸ ಕೂಟ ಇದನ್ನು ಓದಿದ ಕೂಡಲೇ ಯಾರೋ ಒಬ್ಬರು 89ಕ್ಕೆ ಹಾರಿ ಸಮಾಧಾನ ಹೇಳುತ್ತಾರೆ. ಹಳೆಯ ಕೂಟಕ್ಕೆ 88ರಲ್ಲೇ ಒಂದು ವಾರ ಇರಲು ಗೊತ್ತಿರುತ್ತದೆ. ಇದು ಪಾಂಡಿತ್ಯದ ಮಾತಲ್ಲ. ಎದುರಿಗೆ ಕೂತವರ ಮನೆಯಲ್ಲಿ ಏನು ನಡೆದಿದೆ ಎಂದು ಗೊತ್ತಿರುವುದರಿಂದ ಬಂದದ್ದು.

ಮನೆಯಲ್ಲಿ ಸೇರುವುದು ಸಭೆಯ ಮೊದಲ ಅಭ್ಯಾಸವೇ. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ನುಂಫಳ ಮನೆಯ ಸಭೆಗೆ ವಂದನೆ ಇದೆ. ಫಿಲೆಮೋನನ ಮನೆಯಲ್ಲೂ ಸಭೆ ಸೇರುತ್ತಿತ್ತು. ಓಡಿಹೋಗಿದ್ದ ದಾಸನಾದ ಒನೇಸಿಮನನ್ನು ಇನ್ನು ಮೇಲೆ ಸಹೋದರನಾಗಿ ಸೇರಿಸಿಕೋ ಎಂದು ಪೌಲನು ಬರೆದದ್ದು ಈ ಫಿಲೆಮೋನನಿಗೆ. ಆ ಪತ್ರದ ವಂದನೆ ಅವನ ಮನೆಯಲ್ಲಿ ಕೂಡುವ ಸಭೆಗೂ ಸಲ್ಲುತ್ತದೆ, ಅಂದರೆ ಪತ್ರ ಅವನೊಬ್ಬನೇ ಓದಿ ಮಡಚಿಡುವಂಥದ್ದಾಗಿರಲಿಲ್ಲ. ಆ ದಿನ ಅವನ ಮುಖ ಹೇಗಿದ್ದಿರಬಹುದು! ಯೂಫ್ರೆಟಿಸ್ ನದಿಯ ದಡದ ದೂರಾ ಯೂರೋಪಸ್ ಎಂಬ ಪಟ್ಟಣದಲ್ಲಿ ಮೂರನೆಯ ಶತಮಾನದ ಅಂಥ ಒಂದು ಮನೆ 1930ರ ದಶಕದ ಉತ್ಖನನದಲ್ಲಿ ಸಿಕ್ಕಿತು. ಹೊರಗಿನಿಂದ ಸಾಧಾರಣ ಮನೆ. ಒಳಗೆ ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಎಲ್ಲರೂ ಕೂರುವಷ್ಟು ಜಾಗ ಮಾಡಿಕೊಂಡಿದ್ದರು.

ಮುಂದೆ ಕಾಲಕಾಲಕ್ಕೆ ಈ ಅಭ್ಯಾಸ ಮತ್ತೆ ಚಿಗುರಿದೆ. ಜರ್ಮನಿಯ ಲೂಥರನ್ ಪಾದ್ರಿ ಫಿಲಿಪ್ ಯಾಕೋಬ್ ಸ್ಪೇನರ್ 1670ರಲ್ಲಿ ಫ್ರಾಂಕ್‌ಫರ್ಟ್‌ನ ತನ್ನ ಮನೆಯಲ್ಲೇ ಕೂಟ ಆರಂಭಿಸಿದರು. ಅಧಿಕಾರಿಗಳಿಗೆ ಇಂಥ ಕೂಟಗಳೆಂದರೆ ಭಯ. ಇಂಗ್ಲೆಂಡಿನ 1664ರ ಕಾಯ್ದೆ, ಮನೆಯವರನ್ನು ಬಿಟ್ಟು ಐವರಿಗಿಂತ ಹೆಚ್ಚು ಜನ ದೇಶದ ಅಧಿಕೃತ ಕ್ರೈಸ್ತ ಸಭೆಯ ಪದ್ಧತಿಗೆ ಹೊರತಾದ ಆರಾಧನೆಗೆ ಸೇರುವುದನ್ನೇ ಅಪರಾಧ ಮಾಡಿತು. ಸ್ವೀಡನ್ನಿನಲ್ಲಿ 1726ರಲ್ಲಿ ಬಂದ ಅಂಥದ್ದೇ ನಿಷೇಧ 1858ರವರೆಗೆ ಉಳಿಯಿತು.

ನನಗೆ ಬಹಳ ಹಿಡಿಸುವುದು ಮೆಥಡಿಸ್ಟರ ಕಥೆ. 1742ರಲ್ಲಿ ಬ್ರಿಸ್ಟಲ್‌ನಲ್ಲಿ ಅವರ ಕೂಟದ ಮನೆಯ ಮೇಲೆ ಸಾಲ ಇತ್ತು. ತೀರಿಸಲು ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದು ಒಬ್ಬರು ಸೂಚಿಸಿದರು. ಎಷ್ಟೋ ಮಂದಿಗೆ ಅಷ್ಟೂ ಆಗದು ಎಂಬ ಮಾತು ಬಂತು. ಹಾಗಾದರೆ ತೀರಾ ಬಡವರಾದ ಹನ್ನೊಂದು ಜನರನ್ನು ನನ್ನ ಪಾಲಿಗೆ ಹಾಕಿ, ಅವರಿಂದ ಆಗದಿದ್ದರೆ ನಾನೇ ಕೊಡುತ್ತೇನೆ ಎಂದರು ಸೂಚಿಸಿದವರು. ಹೀಗೆ ಹನ್ನೆರಡರ ಗುಂಪುಗಳಾದವು, ಒಬ್ಬೊಬ್ಬರು ವಾರವಾರ ಮನೆಮನೆಗೆ ಹೋಗಿ ಹಣ ಎತ್ತತೊಡಗಿದರು. ಹೋದವರ ಕಣ್ಣಿಗೆ ಹಣಕ್ಕಿಂತ ಬೇರೆಯದೇ ಬಿತ್ತು: ಯಾರ ಮನೆಯಲ್ಲಿ ಕುಡಿತ ಇದೆ, ಯಾರು ವಿಶ್ವಾಸದಲ್ಲಿ ಸೋತಿದ್ದಾರೆ. ಇದನ್ನು ಕೇಳಿದ ಮೆಥಡಿಸ್ಟರ ನಾಯಕ ಜಾನ್ ವೆಸ್ಲಿ, ನಾವು ಹುಡುಕುತ್ತಿದ್ದದ್ದು ಇದನ್ನೇ ಎಂದು ಕಂಡುಕೊಂಡು ಆ ಗುಂಪುಗಳನ್ನು ವಾರದ ಕೂಟಗಳನ್ನಾಗಿ ಮಾಡಿದರು. ಸಾಲ ವಸೂಲಿಗೆ ಹುಟ್ಟಿದ ವ್ಯವಸ್ಥೆ ಆತ್ಮಗಳನ್ನು ಕಾಯುವ ವ್ಯವಸ್ಥೆಯಾಯಿತು. ಯೋಜನೆ ಹಾಕಿ ಅನ್ಯೋನ್ಯತೆ ಕಟ್ಟುತ್ತೇವೆ ಎನ್ನುವವರನ್ನು ಕಂಡಾಗ ನನಗೆ ಈ ಪೆನ್ನಿಗಳು ನೆನಪಾಗುತ್ತವೆ.

ಹಳೆಯ ಕೂಟಕ್ಕೆ ಅದರದೇ ರೋಗಗಳೂ ಇವೆ. ಯೋಹಾನನ ಮೂರನೆಯ ಪತ್ರದ ದಿಯೊತ್ರೇಫನನ್ನು ನೆನೆಸಿಕೊಳ್ಳಿ. ಎಲ್ಲರಿಗಿಂತ ಮುಂದಿರಬೇಕೆಂಬ ಆಸೆ ಅವನಿಗೆ. ಬಂದ ಸಹೋದರರನ್ನು ತಾನೂ ಸೇರಿಸಿಕೊಳ್ಳಲಿಲ್ಲ, ಸೇರಿಸಿಕೊಳ್ಳಲು ಹೊರಟವರನ್ನೂ ಬಿಡಲಿಲ್ಲ. ವರ್ಷಗಟ್ಟಲೆ ಒಟ್ಟಿಗಿದ್ದವರಲ್ಲಿ ದಿಯೊತ್ರೇಫ ಒಬ್ಬನೇ ಆಗಬೇಕಾಗಿಲ್ಲ. ಇಡೀ ಕೂಟವೇ ದಿಯೊತ್ರೇಫನಾಗಬಹುದು, ಅದೂ ನಗುನಗುತ್ತಾ. ಅರ್ಧ ಹೇಳಿದ ಮಾತು ನಮಗೆ ಪೂರ್ತಿ ತಿಳಿಯುತ್ತದೆ, ಹಳೆಯ ತಮಾಷೆಗೆ ಎಲ್ಲರೂ ನಗುತ್ತೇವೆ, ಮೊದಲ ಸಲ ಬಂದವರು ಗೋಡೆ ನೋಡುತ್ತಾ ಕೂತಿರುತ್ತಾರೆ. ಎರಡನೆಯ ವಾರ ಅವರು ಬರಲಿಲ್ಲವೆಂದರೆ ಅವರಿಗೆ ಆಸಕ್ತಿ ಇಲ್ಲ ಎಂದುಕೊಳ್ಳುತ್ತೇವೆ.

ಇನ್ನೊಂದು, ಪ್ರಾರ್ಥನಾ ವಿನಂತಿ. ಒಬ್ಬರ ಭಾರವನ್ನು ಒಬ್ಬರು ಹೊರಬೇಕೆಂಬುದು ಗಲಾತ್ಯದ ಮಾತು. ಆ ಭಾರವನ್ನು ಊರೆಲ್ಲ ಹಂಚಲು ಅದರಲ್ಲಿ ಅಪ್ಪಣೆ ಇಲ್ಲ. "ಅವರಿಗಾಗಿ ಪ್ರಾರ್ಥಿಸೋಣ" ಎಂದು ಶುರುವಾಗುವ ಎಷ್ಟೋ ಮಾತುಗಳು ಪ್ರಾರ್ಥನೆಯವರೆಗೆ ತಲುಪುವುದೇ ಇಲ್ಲ. ನನ್ನ ಸಲಹೆ ಒರಟು ಅನಿಸಬಹುದು: ಕೂಟದಲ್ಲಿ ಇಲ್ಲದವರ ವಿಷಯ ಹೇಳುವ ಮುಂಚೆ ಅವರ ಒಪ್ಪಿಗೆ ಇದೆಯೇ ಎಂದು ಮುಂದಾಳು ಎಲ್ಲರೆದುರಿಗೇ ಕೇಳಬೇಕು. ಎರಡು ಸಲ ಕೇಳಿದರೆ ಸಾಕು, ಮೂರನೆಯ ಸಲದ ಅಗತ್ಯ ಬೀಳುವುದಿಲ್ಲ.

ಕೂಟ ಬೆಳೆದರೆ ಒಡೆದು ಎರಡು ಮಾಡಬೇಕೆಂದು ಈಗ ಎಲ್ಲ ಕಡೆ ಕಲಿಸುತ್ತಾರೆ. ಸುವಾರ್ತೆಯ ದೃಷ್ಟಿಯಿಂದ ಅದರಲ್ಲಿ ಅರ್ಥವಿದೆ, ವಾದಿಸುವುದಿಲ್ಲ. ಆದರೆ ಇಷ್ಟು ತಿಂಗಳಿಗೊಮ್ಮೆ ಒಡೆಯಲೇಬೇಕು ಎಂಬ ನಿಯಮಕ್ಕೆ ನನ್ನ ವಿರೋಧವಿದೆ. ಯೋಬನನ್ನು ಎರಡನೆಯ ಸಲ ಒಟ್ಟಿಗೆ ಓದಿದವರನ್ನು ಹಾಜರಿ ಪಟ್ಟಿ ನೋಡಿ ಬೇರೆ ಮಾಡಿದರೆ ಆ ಓದು ಎರಡು ಕಡೆಯೂ ಉಳಿಯುವುದಿಲ್ಲ.

ಪ್ರಿಸ್ಕಳನ್ನೂ ಅಕ್ವಿಲನನ್ನೂ ನೋಡಿ. ಕ್ಲೌದ್ಯ ಚಕ್ರವರ್ತಿಯ ಆಜ್ಞೆಯಿಂದ ರೋಮ್ ಬಿಟ್ಟು ಕೊರಿಂಥಕ್ಕೆ ಬಂದವರು, ಅಲ್ಲಿಂದ ಎಫೆಸಕ್ಕೆ ಹೋದರು, ಅಲ್ಲಿ ಅವರ ಮನೆಯಲ್ಲಿ ಸಭೆ ಸೇರುತ್ತಿತ್ತು. ಮುಂದೆ ರೋಮಾಪುರದವರಿಗೆ ಪತ್ರ ಬರೆಯುವಾಗ ಪೌಲನು ಮತ್ತೆ ಅವರಿಗೂ ಅವರ ಮನೆಯ ಸಭೆಗೂ ವಂದನೆ ಹೇಳುತ್ತಾನೆ. ಅವರ ಕೂಟವನ್ನು ಯಾರೂ ಯೋಜನೆ ಹಾಕಿ ಒಡೆಯಲಿಲ್ಲ. ಊರು ಬದಲಾದಾಗಲೆಲ್ಲ ಅವರೇ ಬಾಗಿಲು ತೆರೆದರು. ನಮ್ಮ ಕೂಟಗಳಿಂದಲೂ ವರ್ಗಾವಣೆ, ಮದುವೆ, ಮಕ್ಕಳ ಓದು ಎಂದು ಜನ ಹೋಗುತ್ತಲೇ ಇರುತ್ತಾರೆ. ಹೋಗುವವರನ್ನು ಕಳಿಸುವ ವಾರ ಅಳುವುದರ ಜೊತೆಗೆ ಒಂದು ಮಾತು ಕೇಳಿ: ಅಲ್ಲಿ ನಿಮ್ಮ ಮನೆಯಲ್ಲಿ ಯಾವ ದಿನ ಸೇರುತ್ತೀರಿ, ಯಾವ ಪುಸ್ತಕದಿಂದ ಶುರು ಮಾಡುತ್ತೀರಿ?

ಇಷ್ಟು ಹೇಳಿ ನಿಲ್ಲಿಸುತ್ತೇನೆ. ಒಡೆಯುವ ವಿಷಯದಲ್ಲಿ ನನ್ನ ಮಾತು ಒಪ್ಪದವರು ಇಲ್ಲಿ ಇದ್ದೀರೆಂದು ಬಲ್ಲೆ, ಮೊದಲ ಪ್ರಶ್ನೆ ಅವರದೇ ಇರಲಿ.