ತಾತನ ರೇಡಿಯೋದ ಮುಳ್ಳು ನಿಂತಿದ್ದು 612ರಲ್ಲಿ

ಎಲ್ಲರಿಗೂ ನಮಸ್ಕಾರ. ಇದು ನಮ್ಮ ತಾತನ ಟ್ರಾನ್ಸಿಸ್ಟರ್. ಬ್ಯಾಟರಿ ಮುಚ್ಚಳ ಎಂದೋ ಕಳೆದುಹೋಗಿದೆ, ರಬ್ಬರ್ ಬ್ಯಾಂಡ್ ಹಾಕಿದ್ದೇವೆ. ಮುಳ್ಳು ನೋಡಿ, 600 ದಾಟಿ ಒಂಚೂರು ಮುಂದೆ ನಿಂತಿದೆ. 612 ಕಿಲೋಹರ್ಟ್ಸ್, ಬೆಂಗಳೂರು ಆಕಾಶವಾಣಿ. ಮಂಡ್ಯದ ಹತ್ತಿರ ನಮ್ಮೂರು. ತಾತ ಈ ಮುಳ್ಳನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ಆದರೆ ಈ ಸ್ಟೇಷನ್ನಿನ ಕತೆ ಶುರುವಾಗಿದ್ದು ಬೆಂಗಳೂರಲ್ಲಲ್ಲ, ಮೈಸೂರಲ್ಲಿ. ಅದಕ್ಕೇ ಇವತ್ತು ಬೆಳಿಗ್ಗೆ ಯಾದವಗಿರಿಗೆ ಬಂದಿದ್ದೇನೆ. ಎದುರಿಗೆ ಕಾಣುತ್ತಿರುವುದು ಮೈಸೂರು ಆಕಾಶವಾಣಿ.

1935ರಲ್ಲಿ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲೇ ಒಂದು ರೇಡಿಯೋ ಸ್ಟೇಷನ್ ತೆರೆದರು. ಟ್ರಾನ್ಸ್‌ಮಿಟರ್ ಎಷ್ಟು ದೊಡ್ಡದು ಗೊತ್ತಾ? 30 ವಾಟ್. ಅಜ್ಜಿಮನೆ ಅಡುಗೆಕೋಣೆಯಲ್ಲಿ ಉರಿಯುತ್ತಿದ್ದ ಗುಂಡು ಬಲ್ಬೇ 40 ವಾಟ್ ಇರುತ್ತಿತ್ತು! ಅಷ್ಟರಲ್ಲೇ ಮೇಷ್ಟ್ರು ಊರಿಗೆ ಮಾತು, ಸಂಗೀತ ಕೇಳಿಸಿದರು. ಅದಕ್ಕೆ ಇಟ್ಟ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೋ ಅದೇ ಹೆಸರು ಇಟ್ಟುಕೊಂಡಿತು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಮನೆಯ ಸ್ಟೇಷನ್ 1942ರಲ್ಲಿ ನಗರಸಭೆಯ ಕೈಗೆ ಬಂತು, ಆಮೇಲೆ ಮೈಸೂರು ಸರ್ಕಾರದ್ದಾಯಿತು. 1950ರಲ್ಲಿ ಆಲ್ ಇಂಡಿಯಾ ರೇಡಿಯೋಗೆ ಸೇರಿತು. 1955ರಲ್ಲಿ ಬೆಂಗಳೂರಿಗೇ ಹೊರಟುಹೋಯಿತು. ಹುಟ್ಟಿದ ಊರಿಗೇ ಸ್ಟೇಷನ್ ಇಲ್ಲ! ಮೈಸೂರಿಗೆ ಮತ್ತೆ ಆಕಾಶವಾಣಿ ಬಂದಿದ್ದು 1974ರಲ್ಲಿ. ಈಗ ಅದು ಎಫ್‌ಎಂನಲ್ಲಿ, 100.6ರಲ್ಲಿ ಸಿಗುತ್ತದೆ.

ನಮ್ಮ ತಾತ ಹಿಡಿದುಕೊಂಡಿದ್ದು ಮಾತ್ರ ಬೆಂಗಳೂರನ್ನು. ಬೆಳಿಗ್ಗೆ ಮೊದಲು ಆ ಸಿಗ್ನೇಚರ್ ಟ್ಯೂನ್. ಶಿವರಂಜನಿ ರಾಗದ್ದು, ಮಾಡಿದವರು ವಾಲ್ಟರ್ ಕೌಫ್‌ಮನ್. ಆಮೇಲೆ ಭಕ್ತಿಗೀತೆ, ವಾರ್ತೆ. ಹೊತ್ತು ಮುಳುಗಿದರೆ ರೈತರ ಕಾರ್ಯಕ್ರಮ. ಎ.ಎಸ್. ಮೂರ್ತಿಯವರು 'ಈರಣ್ಣ' ಆಗಿ ಮಾತಾಡಿ ಎಷ್ಟು ಮನೆಮಾತಾದರು ಅಂದರೆ, ಜನ ಅವರನ್ನು ಆಕಾಶವಾಣಿ ಈರಣ್ಣ ಅಂತಲೇ ಕರೆದರು. ರೇಡಿಯೋ ಇಟ್ಟುಕೊಳ್ಳಲು ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಕಟ್ಟಬೇಕಿದ್ದ ಕಾಲ ಅದು. ತಾತನ ಟ್ರಂಕಿನಲ್ಲಿ ಆ ಪುಸ್ತಕ ಇವತ್ತಿಗೂ ಇದೆ.

ಆಮೇಲೆ ಕೇಳುಗರ ರುಚಿ ಬದಲಾಯಿತು. 1957ರಲ್ಲಿ ವಿವಿಧ ಭಾರತಿ ಬಂತು, ಸಿನಿಮಾ ಹಾಡು ಕೇಳಲೂ ಒಂದು ಜಾಗ ಸಿಕ್ಕಿತು. ಹತ್ತು ವರ್ಷದಲ್ಲಿ ಜಾಹೀರಾತೂ ಸೇರಿತು. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಗಿದ್ದು ಬೆಂಗಳೂರಲ್ಲೇ. ಪಟಪಟ ಮಾತು, ದಿನವಿಡೀ ಹಾಡು. ಅದೂ ಚೆನ್ನಾಗಿದೆ, ನಾನೂ ಕೇಳುತ್ತೇನೆ.

ಆದರೆ ಎಫ್‌ಎಂ ಜಾಸ್ತಿ ದೂರ ಹೋಗುವುದಿಲ್ಲ. ತಾತನ 612 ಇರುವ ಮೀಡಿಯಂ ವೇವ್ ಹಾಗಲ್ಲ, ನೆಲ ಹಿಡಿದು ಹೋಗುತ್ತದೆ. ರಾತ್ರಿಯಾದರೆ ಆಕಾಶಕ್ಕೆ ಬಡಿದು ಇನ್ನೂ ದೂರದಲ್ಲಿ ಇಳಿಯುತ್ತದೆ. 612ರ ಶಕ್ತಿ 200 ಕಿಲೋವಾಟ್. ಗದ್ದೆಯಲ್ಲಿ ನೀರು ಕಟ್ಟುತ್ತಿದ್ದ ತಾತನಿಗೆ ಬೆಂಗಳೂರು ಕೇಳಿಸಿದ್ದು ಇದರಿಂದಲೇ. ದೇಶದಲ್ಲಿ ಇಂಥ ಎಷ್ಟೋ ಟ್ರಾನ್ಸ್‌ಮಿಟರ್‌ಗಳನ್ನು ಈಗಾಗಲೇ ನಿಲ್ಲಿಸಿದ್ದಾರೆ. ಇದನ್ನು ಉಳಿಸಿಕೊಳ್ಳಬೇಕು ಅನ್ನುವುದು ನನ್ನ ಆಸೆ.

ಈಗ ಊರಿಗೆ ವಾಪಸ್ ಬಂದಿದ್ದೇನೆ. ರಾತ್ರಿ ಊಟ ಆಯಿತು. ಆನ್ ಮಾಡುತ್ತೇನೆ, ಕೇಳಿ. ಬರೀ ಗೊರಗೊರ. ತಾತ ರೇಡಿಯೋವನ್ನು ಹೀಗೆ ನಿಧಾನಕ್ಕೆ ತಿರುಗಿಸುತ್ತಿದ್ದರು. ಒಳಗೆ ಒಂದು ಕಪ್ಪು ಕಡ್ಡಿ ಇದೆ, ಅದೇ ಆಂಟೆನಾ. ಅದು ಸರಿಯಾದ ದಿಕ್ಕಿಗೆ ಬಂದರೆ ದನಿ ಗಟ್ಟಿಯಾಗುತ್ತದೆ. ಸ್ವಲ್ಪ ಪರವಾಗಿಲ್ಲ, ಆದರೂ ಗೊರಗೊರ ಹೋಗಲಿಲ್ಲ. ಮೇಲೆ ಉರಿಯುತ್ತಿರುವ ಎಲ್‌ಇಡಿ ಬಲ್ಬಿನ ಕಾಟ ಇದು.

ಅಜ್ಜಿ, ಲೈಟ್ ಆರಿಸ್ತೀರಾ?

ಹಾಂ, ಬಂತು ನೋಡಿ. ಶ್, ವಾರ್ತೆ ಓದುತ್ತಿದ್ದಾರೆ.