ಮೇಲಿನ ಬ್ರೆಡ್ಡಿಲ್ಲದ ಸ್ಯಾಂಡ್‌ವಿಚ್

ಕೇಳುಗರಿಗೆಲ್ಲ ನಮಸ್ಕಾರ.

ಮೊದಲು ನನ್ನ ಮರ್ಯಾದೆ ಹೋದ ಕಥೆ ಹೇಳಿಬಿಡುತ್ತೇನೆ. ಜುಲೈ ತಿಂಗಳು. ಕಾರವಾರದಲ್ಲಿ ಜುಲೈ ಅಂದರೆ ಹೇಗಿರುತ್ತದೆ ನಿಮಗೆ ಗೊತ್ತಲ್ಲ, ಒಗೆದ ಬಟ್ಟೆ ನಾಲ್ಕು ದಿನವಾದರೂ ಹಸಿಹಸಿ. ಶಿರಸಿಯಿಂದ ಆಯಿ ಬಂದಿದ್ದರು, ಜೊತೆಗೆ ಸೋದರಮಾವ. ಸಂಜೆ ಚಹಾಕ್ಕೆ ಹೊಸದೇನಾದರೂ ಮಾಡುವ ಹುಕಿ ನನಗೆ. ಫ್ರಾನ್ಸಿನಲ್ಲಿ ಬ್ರೆಡ್ಡಿನ ಒಂದೇ ಹೋಳಿನ ಮೇಲೆ ಬೆಣ್ಣೆ, ತರಕಾರಿ ಇಟ್ಟು ತಿನ್ನುತ್ತಾರೆ, ಅದಕ್ಕೆ ತಾರ್ತೀನ್ ಅನ್ನುತ್ತಾರೆ ಅಂತ ಓದಿದ್ದೆ. ಇದೇನು ಮಹಾ ಅಂತ ಅಂಗಡಿಯಿಂದ ಮೆತ್ತನೆ ಬ್ರೆಡ್ಡು ತಂದೆ. ಟೊಮೆಟೊ ಹೆಚ್ಚಿ ಮೇಲಿಟ್ಟೆ. ಉಪ್ಪು ಉದುರಿಸಿದೆ. ಚೆನ್ನಾಗಿ ಜೋಡಿಸಿ ಒಂದು ಗಂಟೆ ಮೊದಲೇ ಮುಚ್ಚಿಟ್ಟೆ.

ಆಯಿ ತಟ್ಟೆ ನೋಡಿ, "ಇದೆಂತದೇ ಕೂಸೆ, ಮೇಲಿನ ಬ್ರೆಡ್ಡು ಎಲ್ಲಿ ಹೋತು?" ಅಂದರು. ಮಾವ ಪಾಪ ಏನೂ ಹೇಳದೆ ಒಂದನ್ನು ಎತ್ತಿದರು. ಬಾಯಿಗೆ ಹೋಗುವ ಮೊದಲೇ ಅದು ನಡು ಮುರಿದು ಜೋಲಿತು. ಟೊಮೆಟೊ, ರಸ, ನೆಂದ ಬ್ರೆಡ್ಡು, ಎಲ್ಲ ಅವರ ಬಿಳೀ ಪಂಚೆಯ ಮೇಲೆ.

ಆವತ್ತಿನಿಂದ ನಾನು ಈ ತಾರ್ತೀನಿನ ಬೆನ್ನು ಬಿದ್ದಿದ್ದೇನೆ. ತಪ್ಪಿದ್ದು ಎಲ್ಲಿ ಅಂತ ಈಗ ಗೊತ್ತು. ಎಲ್ಲ ತಪ್ಪೂ ನೀರಿನದ್ದೇ.

ಸ್ವಲ್ಪ ಹಿಂದಕ್ಕೆ ಹೋಗೋಣ. ಯುರೋಪಿನಲ್ಲಿ ಏಳೆಂಟು ನೂರು ವರ್ಷಗಳ ಹಿಂದೆ ಉಳ್ಳವರ ಮನೆಯಲ್ಲೂ ಊಟಕ್ಕೆ ಒಬ್ಬೊಬ್ಬರಿಗೆ ಒಂದೊಂದು ತಟ್ಟೆ ಇರುತ್ತಿರಲಿಲ್ಲ. ಒಣಗಿದ ಬ್ರೆಡ್ಡಿನ ದಪ್ಪ ಹೋಳೇ ತಟ್ಟೆ. ಅದರ ಮೇಲೆ ಮಾಂಸ, ಸಾರು ಬಡಿಸುವುದು. ಊಟ ಮುಗಿದ ಮೇಲೆ ರಸ ಕುಡಿದ ಆ ಹೋಳು ಬಡವರಿಗೋ ನಾಯಿಗೋ ಹೋಗುತ್ತಿತ್ತು. ನಮ್ಮಲ್ಲಿ ಉಂಡ ಬಾಳೆ ಎಲೆ ದನದ ಬಾಯಿಗೆ ಹೋಗುತ್ತದಲ್ಲ, ಹಾಗೆ. ತಾರ್ತೀನ್ ತಿನ್ನುವಾಗೆಲ್ಲ ನನಗೆ ಇದು ನೆನಪಾಗುತ್ತದೆ. ಬಾಳೆ ಎಲೆಯನ್ನೂ ಸೇರಿಸಿ ಊಟ ಮಾಡಿದ ಹಾಗೆ!

ಇವತ್ತಿನ ಫ್ರಾನ್ಸಿನಲ್ಲಿ ತಾರ್ತೀನ್ ಅಂದರೆ ಮೊದಲಿಗೆ ಬೆಳಗಿನ ತಿಂಡಿ. ಬಗೆತ್ ಅನ್ನುವ ಉದ್ದ ಬ್ರೆಡ್ಡನ್ನು ಉದ್ದಕ್ಕೆ ಸೀಳುತ್ತಾರೆ. ಬೆಣ್ಣೆ, ಜಾಮು ಸವರುತ್ತಾರೆ. ಬೋಗುಣಿಯಷ್ಟು ದೊಡ್ಡ ಕಪ್ಪಿನ ಕಾಫಿಯಲ್ಲಿ ಅದ್ದಿ ತಿನ್ನುತ್ತಾರೆ. ನಾವು ಚಹಾದಲ್ಲಿ ಟೋಸ್ಟು ಅದ್ದುವುದಕ್ಕೆ ನಾಚಿಕೊಳ್ಳಬೇಕಾಗಿಲ್ಲ ಅಂತಾಯ್ತು. ಮಧ್ಯಾಹ್ನದ ತಾರ್ತೀನ್ ಬೇರೆ. ಅದಕ್ಕೆ ಗಟ್ಟಿ ಸಿಪ್ಪೆಯ, ಹುಳಿ ಬಂದ ಹಿಟ್ಟಿನ ದೊಡ್ಡ ಬ್ರೆಡ್ಡು ಬೇಕು. ಪ್ಯಾರಿಸ್ಸಿನಲ್ಲಿ ಪುವಾಲಾನ್ ಅಂತ ಒಂದು ಹೆಸರಾಂತ ಬೇಕರಿ ಇದೆ, 1932ರಲ್ಲಿ ಶುರುವಾದದ್ದು. ಅಲ್ಲಿಯ ದುಂಡು ಬ್ರೆಡ್ಡು ಒಂದೊಂದೂ ಎರಡು ಕಿಲೋ ಹತ್ತಿರ ತೂಗುತ್ತದೆ. ಹಿಟ್ಟು ಹುಳಿ ಬರಿಸುವುದೂ ನಮ್ಮ ದೋಸೆ ಹಿಟ್ಟಿನ ದಾರಿಯಲ್ಲೇ. ನಿನ್ನೆಯ ಹಿಟ್ಟಿನಲ್ಲಿ ಸ್ವಲ್ಪ ಉಳಿಸಿ ಇವತ್ತಿನದ್ದಕ್ಕೆ ಬೆರೆಸುವುದು.

ಅಂಥ ಬ್ರೆಡ್ಡು ನಮಗೆಲ್ಲಿ ಸಿಗಬೇಕು ಅಂತ ಕೇಳುತ್ತೀರಿ. ಕಾರವಾರದವರು ಈ ಪ್ರಶ್ನೆ ಕೇಳಲೇಬಾರದು. ಬೆಳಿಗ್ಗೆ ಹಾರ್ನ್ ಒತ್ತುತ್ತಾ ಓಣಿಗೆ ಬರುವ ಪಾವ್ ಯಾರ ಕೊಡುಗೆ? ಗೋವೆಯಿಂದ ನದಿ ದಾಟಿ ಬಂದದ್ದು. ನಾಲ್ಕು ಒಟ್ಟಿಗೆ ಅಂಟಿಕೊಂಡಿರುತ್ತವೆ, ಒಂದೊಂದು ಕಾಲು ಭಾಗ, ಅದಕ್ಕೇ ಪಾವ್ ಅಂತ ನಾನು ಬಹಳ ದಿನ ತಿಳಿದಿದ್ದೆ. ಅಲ್ಲ. ಪೋರ್ಚುಗೀಸರ ಭಾಷೆಯಲ್ಲಿ ಬ್ರೆಡ್ಡಿಗೇ ಪಾಂವ್ ಅನ್ನುತ್ತಾರೆ. ಅವರು ಬಂದ ಹೊಸತರಲ್ಲಿ ಗೋವೆಯಲ್ಲಿ ಹಿಟ್ಟು ಉಬ್ಬಿಸುವುದಕ್ಕೆ ತೆಂಗಿನ ಕಳ್ಳು ಹಾಕುತ್ತಿದ್ದರಂತೆ. ಮೆತ್ತನೆ ಪಾವ್ ನಮ್ಮ ಕೆಲಸಕ್ಕೆ ಅಷ್ಟಕ್ಕಷ್ಟೆ. ಗಟ್ಟಿ ಸಿಪ್ಪೆಯ ದುಂಡನೆ ಉಂಡೊ ಸಿಕ್ಕರೆ ಬಿಡಬೇಡಿ. ತೌಡು ಹಚ್ಚಿದ ಪೊಯಿ ಸಿಕ್ಕರೆ ಇನ್ನೂ ಒಳ್ಳೆಯದು. ಶಿರಸಿ, ಸಿದ್ದಾಪುರದ ಕಡೆಯವರು ಬೇಕರಿಯಲ್ಲಿ ಹೆಚ್ಚದೇ ಇರುವ ಇಡೀ ಬ್ರೆಡ್ಡು ಕೊಡಿ ಅಂತ ಕೇಳಿ, ಮನೆಯಲ್ಲಿ ಕಿರುಬೆರಳಿನಷ್ಟು ದಪ್ಪಕ್ಕೆ ಕೊಯ್ದುಕೊಳ್ಳಿ. ಸಿಹಿ ಬ್ರೆಡ್ಡು ಬೇಡ.

ನಿನ್ನೆಯ ಬ್ರೆಡ್ಡು ಇವತ್ತಿನದ್ದಕ್ಕಿಂತ ಚಲೋ. ಬಿಸಿ ಬ್ರೆಡ್ಡು ಕೊಯ್ದರೆ ಮುದ್ದೆಯಾಗುತ್ತದೆ. ಆದರೆ ಫ್ರಿಜ್ಜಿನಲ್ಲಿ ಇಡಬೇಡಿ, ತಂಪಿಗೆ ಬ್ರೆಡ್ಡು ಇನ್ನೂ ಬೇಗ ಬಿರುಸಾಗುತ್ತದೆ. ಬಟ್ಟೆಯಲ್ಲಿ ಸುತ್ತಿಡಿ, ಸಾಕು. ಮಳೆಗಾಲದಲ್ಲಿ ಮಾತ್ರ ಎರಡನೇ ದಿನ ನೋಡಿಯೇ ತಿನ್ನಿ, ಬೂಷ್ಟು ಬರುವುದಕ್ಕೆ ಹೊತ್ತು ಬೇಡ.

ಈಗ ಕಾಯಿಸುವುದು. ನಾನು ಜಾಸ್ತಿ ಹೊತ್ತು ನಿಲ್ಲುವುದು ಇಲ್ಲೇ. ಟೋಸ್ಟರ್ ಬೇಕಿಲ್ಲ, ದೋಸೆ ಕಾವಲಿ ಸಾಕು. ಎಣ್ಣೆ, ತುಪ್ಪ ಏನೂ ಹಾಕಬೇಡಿ. ಸಣ್ಣ ಉರಿಗಿಂತ ಒಂದು ಚೂರು ಜಾಸ್ತಿ ಇರಲಿ. ಹೋಳು ಇಟ್ಟ ಮೇಲೆ ಒತ್ತಬೇಡಿ, ಕೆದಕಬೇಡಿ. ಮೊದಲು ಆವಿ ಹೋಗುತ್ತದೆ, ಕೈ ಮೇಲೆ ಹಿಡಿದರೆ ತಿಳಿಯುತ್ತದೆ. ನೀರು ಹೋಗುವ ತನಕ ಬ್ರೆಡ್ಡು ಬೆಳ್ಳಗೇ ಇರುತ್ತದೆ. ನೀರು ಹೋಯಿತು ಅಂದ ಕೂಡಲೇ ಬಣ್ಣ ತಿರುಗುತ್ತದೆ, ಘಮ ಏಳುತ್ತದೆ. ಈ ಬಣ್ಣ ತಿರುಗುವ ಕೆಲಸವನ್ನು 1912ರಲ್ಲಿ ವಿವರಿಸಿದವನೂ ಒಬ್ಬ ಫ್ರೆಂಚ್ ವಿಜ್ಞಾನಿಯೇ, ಲೂಯಿ ಕಮೀಯ್ ಮೈಯಾರ್ ಅಂತ. ಹಿಟ್ಟಿನ ಸಕ್ಕರೆ ಅಂಶ, ಪ್ರೋಟೀನ್ ಎರಡೂ ಬಿಸಿಗೆ ಸೇರಿ ಆ ಕಂದು ಬಣ್ಣ, ಆ ಪರಿಮಳ. ದೋಸೆಯ ಕೆಂಪು ಅಂಚಿನಲ್ಲಿ ನಡೆಯುವುದೂ ಅದೇ.

ಒಂದೊಂದು ಬದಿಗೆ ಎರಡು ಮೂರು ನಿಮಿಷ. ಆಯಿತೋ ಇಲ್ಲವೋ ಅಂತ ನೋಡುವುದಕ್ಕೆ ಕಣ್ಣಿಗಿಂತ ಕಿವಿ ವಾಸಿ. ರೇಡಿಯೋದಲ್ಲಿ ಬೇರೇನೂ ತೋರಿಸಲಾರೆ, ಇದೊಂದನ್ನು ಕೇಳಿಸಬಹುದು. ಚಾಕುವಿನ ಬೆನ್ನನ್ನು ಹೋಳಿನ ಮೇಲೆ ಎಳೆಯುತ್ತೇನೆ, ಕೇಳಿ. ಕರ್… ಕರ್… ಹೀಗೆ ಸದ್ದು ಬರಬೇಕು. ಸುಮ್ಮನೆ ಜಾರಿದರೆ ಇನ್ನೂ ಒಳಗೆ ಹಸಿ ಇದೆ ಅಂತ. ಕಾದ ಹೋಳನ್ನು ತಟ್ಟೆಯಲ್ಲಿ ಅಡ್ಡ ಮಲಗಿಸಬೇಡಿ, ಅಡಿಯಲ್ಲಿ ಬೆವರಿ ಮತ್ತೆ ಮೆತ್ತಗಾಗುತ್ತದೆ. ಒಂದಕ್ಕೊಂದು ಒರಗಿಸಿ ನಿಲ್ಲಿಸಿ.

ಆಮೇಲೆ ಬೆಣ್ಣೆ. ಬೆಣ್ಣೆ ಬರೀ ರುಚಿಗೆ ಅಂತ ನಾನು ತಿಳಿದಿದ್ದೆ. ಅದು ನಿಜವಾಗಿ ಕೊಡೆ. ಮೇಲಿಡುವ ತರಕಾರಿಯ ನೀರು ಬ್ರೆಡ್ಡಿಗೆ ಇಳಿಯದಂತೆ ತಡೆಯುವುದು ಅದೇ. ಹಾಗಾಗಿ ನಡುವೆ ಮಾತ್ರ ಬಳಿದರೆ ಆಗದು, ಅಂಚಿನ ತನಕ ಹೋಗಬೇಕು. ಹೋಳು ಸುಡುವಷ್ಟು ಬಿಸಿ ಇದ್ದಾಗ ಹಚ್ಚಿದರೆ ಕರಗಿ ಒಳಗೆ ಇಳಿಯುತ್ತದೆ, ಕೊಡೆ ತೂತು. ಉಗುರು ಬೆಚ್ಚಗಾಗುವ ತನಕ ಕಾಯಿರಿ. ಮನೆಯಲ್ಲಿ ಕಡೆದ ಬೆಣ್ಣೆ ಇದ್ದರೆ ಕೇಳುವುದೇ ಬೇಡ. ಆದರೆ ಅದರಲ್ಲಿ ಮಜ್ಜಿಗೆ ಉಳಿದಿರುತ್ತದೆ. ತಣ್ಣೀರಲ್ಲಿ ತೊಳೆದು, ಒತ್ತಿ ನೀರು ತೆಗೆದು, ಚಿಟಿಕೆ ಉಪ್ಪು ಸೇರಿಸಿ. ಫ್ರಾನ್ಸಿನ ಬ್ರಿಟನಿ ಅನ್ನುವ ಕಡಲ ಸೀಮೆಯವರಿಗೆ ಉಪ್ಪು ಹಾಕಿದ ಬೆಣ್ಣೆಯೇ ಆಗಬೇಕು. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನಾಗರ ನೋಡಿದವರಿಗೆ ಇದೇನು ಆಶ್ಚರ್ಯ ಅಲ್ಲ ಬಿಡಿ. ಅಲ್ಲೂ ಕಡಲ ನೀರು ಕಟ್ಟಿ ಉಪ್ಪು ಮಾಡುತ್ತಾರೆ.

ಮೇಲೆ ಏನಿಡಬೇಕು? ನನ್ನ ಮಾತು ಕೇಳುವುದಾದರೆ ಎರಡು, ಹೆಚ್ಚೆಂದರೆ ಮೂರು ಸಾಮಾನು. ಫ್ರೆಂಚರು ಮೂಲಂಗಿ, ಬೆಣ್ಣೆ, ಉಪ್ಪು ಇಷ್ಟರಲ್ಲೇ ಮುಗಿಸುತ್ತಾರೆ. ಅವರದ್ದು ಚಿಕ್ಕ ಕೆಂಪು ಮೂಲಂಗಿ, ಖಾರ ಕಡಿಮೆ. ನಮ್ಮ ಬಿಳಿ ಮೂಲಂಗಿ ಇಟ್ಟರೆ ಕಣ್ಣಲ್ಲಿ ನೀರು. ನಾನು ಅದರ ಬದಲು ಕುಮಟಾದ ಸಿಹಿ ಈರುಳ್ಳಿ ಇಡುತ್ತೇನೆ. ಬೇಸಿಗೆಯಲ್ಲಿ ಅಳ್ವೆಕೋಡಿ ಹತ್ತಿರ ಹೆದ್ದಾರಿ ಬದಿಗೆ ಗೊಂಚಲು ಕಟ್ಟಿ ತೂಗುಹಾಕಿರುತ್ತಾರಲ್ಲ, ಅದೇ. ಕಾಗದದಷ್ಟು ತೆಳ್ಳಗೆ ಹೆಚ್ಚಿ, ಬೆಣ್ಣೆಯ ಮೇಲೆ ಹರಡಿ, ಕಾಳುಮೆಣಸು ಜಜ್ಜಿ ಉದುರಿಸಿ. ಪುಡಿ ಬೇಡ, ಜಜ್ಜಿದ್ದು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದ ಸೀಮೆ ಇದು. ಇಲ್ಲಿ ಕುಳಿತು ಡಬ್ಬಿಯ ಪುಡಿ ಹಾಕುವುದು ಸರಿಯಲ್ಲ.

ಟೊಮೆಟೊ ಬೇಕೇ ಬೇಕು ಅನ್ನುವವರು ಹೋಳು ಮಾಡಿ ಉಪ್ಪು ಸವರಿ ಹತ್ತು ನಿಮಿಷ ಜಾಲರಿಯಲ್ಲಿಡಿ. ಎಷ್ಟು ನೀರು ಇಳಿಯುತ್ತದೆ ನೋಡಿ. ನನ್ನ ಮಾವನ ಪಂಚೆಗೆ ಹೋದದ್ದು ಆ ನೀರೇ. ಬೆಣ್ಣೆಗೆ ಮೊದಲು ಬಿಸಿ ಹೋಳಿನ ಮೇಲೆ ಬೆಳ್ಳುಳ್ಳಿ ಎಸಳನ್ನು ಒಂದೆರಡು ಸಲ ತಿಕ್ಕಿ. ಒರಟು ಬ್ರೆಡ್ಡು ತುರಿಮಣೆಯ ಹಾಗೆ ಕೆಲಸ ಮಾಡುತ್ತದೆ.

ಇನ್ನು ಸಿಹಿ. ಫ್ರೆಂಚರು ಮೇಕೆ ಹಾಲಿನ ಚೀಸಿನ ಮೇಲೆ ಜೇನು ಬಿಡುತ್ತಾರೆ. ನಾನು ಅರ್ಧ ಲೀಟರ್ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ತೂಗುಬಿಡುತ್ತೇನೆ. ಬೆಳಿಗ್ಗೆ ಬೆಣ್ಣೆಯಂತೆ ಸವರುವ ಹಾಗಾಗುತ್ತದೆ. ಮೇಲೆ ತುಡುವೆ ಜೇನು, ಹುರಿದ ಗೇರುಬೀಜದ ಚೂರು. ಜೇನಿಲ್ಲದಿದ್ದರೆ ಜೋನಿ ಬೆಲ್ಲ. ತೆಳ್ಳೇವು ದೋಸೆಯ ಜೊತೆ ಜೋನಿ ಬೆಲ್ಲ ತಿಂದು ಬೆಳೆದ ನಾಲಿಗೆಗೆ ಇದು ಹೊಸ ರುಚಿ ಅನ್ನಿಸುವುದೇ ಇಲ್ಲ.

ನಮ್ಮ ಪಕ್ಕದ ಮನೆಯ ವಹಿನಿ ಇದನ್ನೆಲ್ಲ ನೋಡಿ, "ಅಕ್ಕೋರೆ, ಮೀನಿಲ್ಲದೆ ಎಂಥ ತಿಂಡಿ?" ಅಂದರು. ಫ್ರಾನ್ಸಿನಲ್ಲೂ ಬಂಗಡೆಯಂಥ ಮೀನನ್ನು ಬೇಯಿಸಿ ಬೆಣ್ಣೆ ಜೊತೆ ಮಸೆದು ಬ್ರೆಡ್ಡಿಗೆ ಹಚ್ಚುತ್ತಾರೆ, ರಿಯೆತ್ ಅನ್ನುತ್ತಾರೆ ಅಂದೆ. ಮರುದಿನವೇ ಮಾಡಿಬಿಟ್ಟರು. ಎರಡು ಬಂಗಡೆ ಉಪ್ಪು, ಅರಿಶಿನ ಹಾಕಿ ಬೇಯಿಸಿ, ಮುಳ್ಳು ಬಿಡಿಸಿ, 50 ಗ್ರಾಂ ಬೆಣ್ಣೆ, ಲಿಂಬೆರಸ, ಮೆಣಸು ಹಾಕಿ ಕಲಸಿದ್ದು. ನಾನು ಮೀನು ತಿನ್ನುವುದಿಲ್ಲ, ರುಚಿ ಹೇಳಲಾರೆ. ಬಟ್ಟಲು ಮಾತ್ರ ಅರ್ಧ ಗಂಟೆಯಲ್ಲಿ ಖಾಲಿಯಾಗಿತ್ತು.

ಹೋದ ಮೇ ತಿಂಗಳಲ್ಲಿ ಮಾವ ಮತ್ತೆ ಬಂದಿದ್ದರು. ಈ ಸಲ ಮೊದಲೇ ಮಾಡಿಡಲಿಲ್ಲ. ಅವರು ಕುರ್ಚಿಯಲ್ಲಿ ಕುಳಿತ ಮೇಲೆ ಕಾವಲಿ ಇಟ್ಟೆ. ಉಂಡೊ ಸೀಳಿ ಕಾಯಿಸಿದೆ, ಅಂಚಿನ ತನಕ ಬೆಣ್ಣೆ, ಕುಮಟಾ ಈರುಳ್ಳಿ, ಮೆಣಸು. ತಟ್ಟೆ ಮುಂದಿಟ್ಟಾಗ ಅವರು ಹೆಗಲ ಮೇಲಿನ ಟವೆಲ್ ತೆಗೆದು ತೊಡೆಯ ಮೇಲೆ ಅಗಲವಾಗಿ ಹಾಸಿಕೊಂಡರು. ಏನೂ ಹೇಳಲಿಲ್ಲ. ಕಚ್ಚಿದರು, ಆ ಕರ್ ಸದ್ದು ಅಡುಗೆಮನೆಗೇ ಕೇಳಿಸಿತು. ಎರಡನೆಯದಕ್ಕೆ ಕೈ ಹಾಕುವಾಗ ಟವೆಲ್ ಮತ್ತೆ ಹೆಗಲಿಗೆ ಹೋಗಿತ್ತು.

ನಮಸ್ಕಾರ.