ಸಾವ್ಕಾರ್ರನ್ನ ಕೇಳಿ ಹೇಳ್ತೀನಿ

ನಮಸ್ಕಾರ. ಮಡಿಕೇರಿಯ ಮಸಾಲೆ ಅಂಗಡಿಗೆ ಹೋಗಿ, ಗೋಣಿಕೊಪ್ಪದ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಸಿದ್ದಾಪುರದ ಕಡೆ ಯಾವುದಾದರೂ ಕಾಫಿ ತೋಟಕ್ಕೆ ಹೋಗಿ. ಕೆಲಸದವರ ಬಾಯಲ್ಲಿ ಒಂದು ಮಾತು ಕೇಳೇ ಕೇಳ್ತೀರಿ: "ಸಾವ್ಕಾರ್ರನ್ನ ಕೇಳಿ ಹೇಳ್ತೀನಿ." ಬಿಲ್ಲಿನಲ್ಲಿ ಐವತ್ತು ರೂಪಾಯಿ ಬಿಡೋದಕ್ಕೂ ಅದೇ ಮಾತು, ಪಂಪ್‌ಸೆಟ್ ರಿಪೇರಿಗೆ ಕಳಿಸೋದಕ್ಕೂ ಅದೇ ಮಾತು. ಹಾಗೆ ಹೇಳೋರು ನಿನ್ನೆ ಮೊನ್ನೆ ಸೇರಿದವರಲ್ಲ. ಎಷ್ಟೋ ವರ್ಷದಿಂದ ಅಲ್ಲೇ ದುಡೀತಿರೋರು. ಏನು ಮಾಡಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಮಾಡೋ ಹಾಗಿಲ್ಲ.

ನಾನು ಇವತ್ತು ಹೇಳೋಕೆ ಹೊರಟಿರೋದು ಇದನ್ನೇ. ಕೆಲಸವನ್ನ ಇನ್ನೊಬ್ಬರಿಗೆ ಒಪ್ಪಿಸೋದರಲ್ಲಿ ಕೊಡಗಿನ ನಾವು ಪಳಗಿದವರು. ತೀರ್ಮಾನವನ್ನ ಒಪ್ಪಿಸೋದು ಇನ್ನೂ ಕಲಿತಿಲ್ಲ. ಅದನ್ನ ಕಲಿಯದೆ ಹೋದರೆ ನಮ್ಮ ತೋಟ, ಅಂಗಡಿ, ಹೋಂಸ್ಟೇಗಳು ಮಾಲೀಕರ ಮಂಡಿನೋವಿನ ಜೊತೆಗೇ ಮುಗಿದುಹೋಗ್ತವೆ.

ತೋಟದಿಂದ ಶುರು ಮಾಡೋಣ. ಫೌಲರ್ ಅನ್ನೋ ಯುರೋಪಿಯನ್ ಮಡಿಕೇರಿಯಲ್ಲಿ ಕಾಫಿ ತೋಟ ತೆರೆದದ್ದು 1854ರಲ್ಲಿ. ಆಮೇಲೆ ಎದ್ದ ದೊಡ್ಡ ಎಸ್ಟೇಟುಗಳಲ್ಲಿ ಎಷ್ಟೋ ಮಾಲೀಕರು ಸಮುದ್ರದಾಚೆ ಇದ್ದರು. ಇಲ್ಲಿಂದ ಕಾಗದ ಹಡಗು ಹತ್ತಿ ಹೋಗಿ ಉತ್ತರ ಬರೋ ಹೊತ್ತಿಗೆ ಹೂವು ಕಾಯಿ ಕಟ್ಟಿರುತ್ತಿತ್ತು. ಹಾಗಾಗಿ ಬಂಗಲೆಯಲ್ಲಿದ್ದ ಮ್ಯಾನೇಜರ್ ತಾನೇ ತೀರ್ಮಾನ ತಗೊಳ್ಳಬೇಕಿತ್ತು. ಮಾಲೀಕರ ಪರವಾಗಿ ವಿಸಿಟಿಂಗ್ ಏಜೆಂಟ್ ಅಂತ ಒಬ್ಬರು ಆಗಾಗ ಬಂದು, ತೋಟವೆಲ್ಲ ಸುತ್ತಿ, ಲೆಕ್ಕ ನೋಡಿ ವರದಿ ಬರೆದು ಹೋಗೋರು. ಆ ಕಾಲವನ್ನ ಹೊಗಳೋಕೆ ನಾನು ತಯಾರಿಲ್ಲ. ಕೂಲಿಯವರ ಲೈನ್ ಮನೆಗಳಲ್ಲಿ ಬದುಕಿದವರಿಗೆ ಅಲ್ಲಿ ಯಾವ ಅಧಿಕಾರವೂ ಇರಲಿಲ್ಲ. ಆದರೆ ಅದರಿಂದ ನಾವು ಉಳಿಸಿಕೊಂಡದ್ದು ಏನು ನೋಡಿ. ತೋಟದ ಲೆಕ್ಕ ಬರೆದು ಕೆಲಸ ನೋಡಿಕೊಳ್ಳೋ ರೈಟರ್ ಉಳಿದರು, ಮೇಸ್ತ್ರಿ ಉಳಿದರು, ಕೂಲಿ ಲೆಕ್ಕದ ಪುಸ್ತಕ ಚೆಕ್‌ರೋಲ್ ಉಳೀತು, ಬೆಳಗಿನ ಹಾಜರಿ ಉಳೀತು. ಬಂಗಲೆಯ ಮ್ಯಾನೇಜರಿಗಿದ್ದ ಸ್ವಾತಂತ್ರ್ಯ ಮಾತ್ರ ನಮ್ಮ ರೈಟರ್‌ವರೆಗೆ ಇಳಿದು ಬರಲೇ ಇಲ್ಲ. ಮೊಬೈಲ್ ಬಂದ ಮೇಲಂತೂ ಇದ್ದಬದ್ದದ್ದೂ ಹೋಯ್ತು. ಮೊದಲು ಸಾವ್ಕಾರ್ರು ಪೇಟೆಗೆ ಹೋದ ದಿನವಾದರೂ ರೈಟರ್ ಸ್ವಂತ ಬುದ್ಧಿಯಲ್ಲಿ ಕೆಲಸ ನಡೆಸ್ತಿದ್ರು. ಈಗ ಪ್ರತಿಯೊಂದಕ್ಕೂ ಫೋನು.

ಅದೂ ಎಂಥ ಊರಿನಲ್ಲಿ! ಮಳೆಗಾಲದಲ್ಲಿ ಒಂದು ಮರ ಲೈನಿನ ಮೇಲೆ ಬಿದ್ದರೆ ಕರೆಂಟ್ ಹೋಯ್ತು, ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರ್ ಹೋಯ್ತು. 2018ರ ಆಗಸ್ಟ್ ಯಾರೂ ಮರೆತಿಲ್ಲ. ಗುಡ್ಡ ಕುಸಿದು ಮಡಿಕೇರಿ–ಮಂಗಳೂರು ರಸ್ತೆಯೇ ಕಡಿದುಹೋಯ್ತು. ಅಂಥ ಹೊತ್ತಿನಲ್ಲಿ ಜಾಗದಲ್ಲಿ ಇದ್ದವರೇ ತೀರ್ಮಾನ ಮಾಡಬೇಕು. ಅಂಥ ದಿನ ಬಂದಾಗ ದಿಢೀರನೆ ತೀರ್ಮಾನ ಮಾಡು ಅಂದರೆ ಯಾರಿಗೆ ಬರುತ್ತೆ? ಬಿಸಿಲಿನ ದಿನಗಳಲ್ಲಿ ಸಣ್ಣ ಸಣ್ಣ ವಿಷಯದಲ್ಲಿ ಅಭ್ಯಾಸ ಆಗಿರಬೇಕಲ್ಲವೇ.

ಹೋಂಸ್ಟೇ ನಡೆಸುವ ಅಕ್ಕಂದಿರಿಗೆ ಇದು ಇನ್ನೂ ಹತ್ತಿರದ ಸಂಗತಿ. ಶನಿವಾರ ರಾತ್ರಿ ಬೆಂಗಳೂರಿನಿಂದ ಬಂದ ಕುಟುಂಬಕ್ಕೆ ಗೀಸರ್ ಕೆಟ್ಟಿದೆ. ಇನ್ನೊಂದು ರೂಮು ಖಾಲಿ ಇದೆ, ಸ್ವಲ್ಪ ದೊಡ್ಡದು, ಬಾಡಿಗೆ ಜಾಸ್ತಿ. ಕೆಲಸದ ಹುಡುಗನಿಗೆ ಆ ರೂಮಿನ ಬೀಗದ ಕೈ ಕೊಡಬೇಕು ಅಂತ ಹೊಳೆದಿದೆ. ಆದರೆ ಕೇಳದೆ ಕೊಡೋ ಧೈರ್ಯ ಇಲ್ಲ. ಅಕ್ಕ ಯಾವುದೋ ಮದುವೆ ಮನೆಯಲ್ಲಿದ್ದಾರೆ, ವಾಲಗದ ಸದ್ದಿಗೆ ಫೋನ್ ಕೇಳಿಸ್ತಿಲ್ಲ. ಮುಕ್ಕಾಲು ಗಂಟೆ ಆ ಮಕ್ಕಳು ಜರ್ಕಿನ್ ಹಾಕ್ಕೊಂಡು ಜಗಲಿಯಲ್ಲಿ ಕೂತಿರ್ತವೆ. ಬೆಳಿಗ್ಗೆ ಎಷ್ಟೇ ಒಳ್ಳೆ ಕಡಂಬುಟ್ಟು ಕೊಟ್ಟರೂ ಆ ಮುಕ್ಕಾಲು ಗಂಟೆ ಅವರ ಮನಸ್ಸಿನಿಂದ ಹೋಗಲ್ಲ. "ನಾನು ಇಲ್ಲದಾಗ ಅತಿಥಿಗೆ ತೊಂದರೆ ಆದರೆ, ಇಷ್ಟು ರೂಪಾಯಿಯವರೆಗೆ ನೀನೇ ನೋಡಿಕೋ, ಆಮೇಲೆ ನನಗೆ ಹೇಳು" ಅಂತ ಮೊದಲೇ ಒಂದು ಮಾತು ಆಗಿದ್ದರೆ ಸಾಕಿತ್ತು.

ಆ ಮೊತ್ತ ಎಷ್ಟು ಅಂತ ಬಾಯಿಬಿಟ್ಟು ಹೇಳಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. "ನೋಡ್ಕೊಂಡು ಮಾಡಪ್ಪಾ" ಅಂತ ಹೇಳಿ ಹೋಗೋದು ಒಪ್ಪಿಸಿದ ಹಾಗಲ್ಲ. ಚೆನ್ನಾಗಿ ಆದರೆ ಸಾವ್ಕಾರ್ರ ಹೆಸರು, ಕೆಟ್ಟರೆ ಅವನ ತಲೆ ಮೇಲೆ ಅಂತ ಆಗುತ್ತೆ. ಅದು ಅವನಿಗೂ ಗೊತ್ತು, ಅದಕ್ಕೇ ಕೈ ಹಾಕಲ್ಲ.

ಇದಕ್ಕೆ ಈಗ ಒಂದು ಸುಲಭದ ಸಾಧನವೂ ಇದೆ. 2024ರಲ್ಲಿ ಯುಪಿಐ ಸರ್ಕಲ್ ಅನ್ನೋ ವ್ಯವಸ್ಥೆ ಬಂತು. ನಿಮ್ಮ ಖಾತೆಯಿಂದ ನಿಮ್ಮ ನಂಬಿಕೆಯವರು ಹಣ ಕಟ್ಟಬಹುದು. ಅದರಲ್ಲಿ ಎರಡು ಬಗೆ. ಒಂದರಲ್ಲಿ ಪ್ರತಿ ಸಲವೂ ನಿಮ್ಮ ಫೋನಿಗೆ ಕೇಳಿಕೆ ಬರುತ್ತೆ, ನೀವು ಪಿನ್ ಒತ್ತಬೇಕು. ಇನ್ನೊಂದರಲ್ಲಿ ತಿಂಗಳಿಗೆ ಇಷ್ಟು ಅಂತ ಮಿತಿ ಹಾಕಿಬಿಟ್ಟರೆ ಆಯ್ತು. ಶುರುವಾದಾಗ ಇಟ್ಟ ಗರಿಷ್ಠ ಮಿತಿ ತಿಂಗಳಿಗೆ 15,000, ಒಂದು ಸಲಕ್ಕೆ 5,000 ರೂಪಾಯಿ. ಅಷ್ಟರೊಳಗೆ ಅವರು ನಿಮ್ಮನ್ನ ಕೇಳಬೇಕಿಲ್ಲ. ಗ್ಯಾಸ್, ತರಕಾರಿ, ಪ್ಲಂಬರ್ ಇವಕ್ಕೆಲ್ಲ ಸಾಕು. ಎರಡನೇ ಬಗೆಯನ್ನೇ ಆರಿಸಿಕೊಳ್ಳಿ ಅಂತ ನಾನು ಕೇಳಿಕೊಳ್ತೀನಿ. ಮೊದಲನೆಯದರಲ್ಲಿ ನೀವು ಮದುವೆ ಮನೆಯಲ್ಲಿದ್ದರೂ ಗಲ್ಲಾಪೆಟ್ಟಿಗೆ ಮುಂದೆಯೇ ಕೂತ ಹಾಗೆ.

ಹಾಗಂತ ಎಲ್ಲವನ್ನೂ ಬಿಟ್ಟುಕೊಡಿ ಅಂತ ನಾನು ಹೇಳ್ತಿಲ್ಲ. ಊಟದ ಹೊತ್ತಿಗೆ ಅತಿಥಿಗಳ ಜೊತೆ ಕೂತು ಅಡುಗೆಗೆ ಹಾಕೋ ಕಾಚಂಪುಳಿ ಅನ್ನೋ ಹುಳಿ ಹೇಗೆ ಮಾಡ್ತಾರೆ, ಪುತ್ತರಿ ಸುಗ್ಗಿ ಹಬ್ಬಕ್ಕೆ ಕದಿರು ಹೇಗೆ ತೆಗೀತಾರೆ ಅಂತ ಹೇಳೋದು ಆ ಅಕ್ಕನಿಂದ ಮಾತ್ರ ಆಗೋ ಕೆಲಸ. ಜನ ಬರೋದೇ ಅದಕ್ಕೆ. ಈಗ ಆಗ್ತಿರೋದು ಏನಂದರೆ, ಬೆಡ್‌ಶೀಟ್ ಎಣಿಸಿ ಎಣಿಸಿ ಸುಸ್ತಾದ ಅಕ್ಕ ಊಟದ ಹೊತ್ತಿಗೆ ಒಳಗೆ ಮಲಗಿರ್ತಾರೆ.

ಇಲ್ಲಿಗೆ ನಿಜವಾದ ಕಷ್ಟಕ್ಕೆ ಬಂದೆವು. ಇದನ್ನೆಲ್ಲ ಬಿಟ್ಟುಕೊಟ್ಟರೆ ನಾನು ಏನು ಮಾಡಲಿ? ಬಹಳ ಮಾಲೀಕರ ಮನಸ್ಸಿನಲ್ಲಿ ಇರೋ ಪ್ರಶ್ನೆ ಇದೇ. ಬಾಯಿಬಿಟ್ಟು ಯಾರೂ ಕೇಳಲ್ಲ. ಮೂವತ್ತು ವರ್ಷ ಕಣದಲ್ಲಿ ನಿಂತು ಕಾಫಿ ಒಣಗಿಸಿದವರಿಗೆ, ಒಂದು ಹಿಡಿ ಚೆರ್ರಿ (ಸಿಪ್ಪೆ ಸಮೇತ ಒಣಗಿಸೋ ಕಾಫಿ ಹಣ್ಣು) ಕೈಯಲ್ಲಿ ಅಲ್ಲಾಡಿಸಿ ಸದ್ದಿನಲ್ಲೇ ಒಣಗಿದೆಯೋ ಇಲ್ಲವೋ ಹೇಳಬಲ್ಲವರಿಗೆ, "ನೀವಿನ್ನು ಕಣಕ್ಕೆ ಬರೋದು ಬೇಡ" ಅಂದರೆ ಎದೆಗೆ ನಾಟುತ್ತೆ. ಅವರ ಗೌರವ ಇರೋದು ಆ ಕೈಯಲ್ಲಿ. ಅದನ್ನ ಹಗುರವಾಗಿ ಮಾತಾಡೋ ಮ್ಯಾನೇಜ್‌ಮೆಂಟ್ ಭಾಷಣಗಳು ನನಗೆ ಹಿಡಿಸಲ್ಲ.

ಆದರೆ ಕೊಡಗಿನ ಬೆಳೆಗಾರರ ಪಾತ್ರ ಒಮ್ಮೆ ಪೂರ್ತಿ ಬದಲಾಗಿದೆ, ಅದನ್ನ ನೆನಪಿಸಿಕೊಳ್ಳಿ. ದಶಕಗಟ್ಟಲೆ ಕಾಫಿ ಮಂಡಳಿಯ ಪೂಲ್ ಪದ್ಧತಿ ಇತ್ತು. ಬೆಳೆದದ್ದನ್ನ ಮಂಡಳಿಗೆ ಒಪ್ಪಿಸಬೇಕು, ಮಾರೋದು ಮಂಡಳಿ, ದುಡ್ಡು ಕಂತಿನಲ್ಲಿ ಬರುತ್ತೆ. ಬೆಳೆಗಾರರಿಗೆ ಬೆಳೆಯೋದಷ್ಟೇ ಕೆಲಸ. 1990ರ ದಶಕದಲ್ಲಿ ಹಂತಹಂತವಾಗಿ ಅದು ಸಡಿಲವಾಗಿ, 1996ರ ಹೊತ್ತಿಗೆ ಮಾರಾಟ ಪೂರ್ತಿ ಬೆಳೆಗಾರರ ಕೈಗೆ ಬಂತು. ಅವತ್ತಿನಿಂದ ನಾವು ವ್ಯಾಪಾರಿಗಳೂ ಹೌದು. ಯಾವಾಗ ಮಾರಬೇಕು, ಯಾರಿಗೆ ಮಾರಬೇಕು, ಚೆರ್ರಿ ಮಾಡೋದೋ ಸಿಪ್ಪೆ ತೆಗೆದು ತೊಳೆದು ಒಣಗಿಸಿ ಪಾರ್ಚ್‌ಮೆಂಟ್ ಮಾಡೋದೋ, ಎಷ್ಟು ಗೋದಾಮಿನಲ್ಲಿ ಇಟ್ಟುಕೊಳ್ಳೋದು, ಇವೆಲ್ಲ ನಮ್ಮ ತಲೆಗೆ ಬಂತು. 2024ರಲ್ಲಿ ರೋಬಸ್ಟಾ ಜಾತಿಯ ಕಾಫಿಯ ಚೆರ್ರಿ 50 ಕೆಜಿ ಮೂಟೆಗೆ 10,000 ರೂಪಾಯಿ ದಾಟಿತು. ಅಂಥ ವರ್ಷದಲ್ಲಿ ಎರಡು ವಾರ ಮೊದಲು ಮಾರಿದವರಿಗೂ ಎರಡು ವಾರ ತಡೆದವರಿಗೂ ಕೈಗೆ ಬಂದ ದುಡ್ಡಿನಲ್ಲಿ ಎಷ್ಟು ವ್ಯತ್ಯಾಸ ಅಂತ ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ಕಣದಲ್ಲಿ ನಿಂತು ಗೋಣಿಚೀಲ ಎಣಿಸ್ತಿದ್ದರೆ ಈ ಕೆಲಸ ಯಾರು ಮಾಡೋದು? ಮಾರುಕಟ್ಟೆ ಓದೋದು, ಬ್ಯಾಂಕಿನ ಜೊತೆ ಮಾತಾಡೋದು, ಅರೇಬಿಕಾ ಕಾಫಿ ಗಿಡ ಬಿಳಿ ಕಾಂಡಕೊರಕ ಹುಳಕ್ಕೆ ತುತ್ತಾದ ಜಾಗದಲ್ಲಿ ಮುಂದಿನ ಇಪ್ಪತ್ತು ವರ್ಷಕ್ಕೆ ಏನು ನೆಡಬೇಕು ಅಂತ ಯೋಚಿಸೋದು. ರೈಟರಿಗೆ ಕೊಡೋಕಾಗದ ಕೆಲಸ ಇವು, ಮಾಲೀಕರೇ ಮಾಡಬೇಕು. ಕಣದಲ್ಲಿ ಕಾಫಿ ಒಣಗಿಸೋ ಕಲೆಯನ್ನ ಇನ್ನೊಂದು ಕೈಗೆ ಕಲಿಸೋದೂ ಅವರ ಕೆಲಸವೇ, ಅದರಲ್ಲಿ ಗೌರವ ಕಡಿಮೆ ಆಗಲ್ಲ.

ಇನ್ನು ಮಕ್ಕಳ ವಿಷಯ. ಈ ಮಾತನ್ನ ಹೇಳೋಕೇ ನಾನು ಇವತ್ತು ಕೂತಿರೋದು. "ನಮ್ಮ ಮಕ್ಕಳಿಗೆ ತೋಟ ಬೇಡ, ಬೆಂಗಳೂರೇ ಬೇಕು" ಅಂತ ಮನೆ ಮನೆಯಲ್ಲೂ ಹೇಳ್ತಾರೆ. ಸಂಬಳ, ಶಾಲೆ, ಆಸ್ಪತ್ರೆ, ಕಾಡಾನೆ, ಕಾರಣ ಹತ್ತಾರಿವೆ, ಎಲ್ಲ ನಿಜ. ಆದರೆ ಬಂದು ನೋಡಿ ವಾಪಸ್ ಹೋದ ಮಕ್ಕಳೂ ಇದ್ದಾರೆ. ಅಲ್ಲಿ ಕಂಪನಿಯಲ್ಲಿ ಹತ್ತು ಜನರ ತಂಡ ನಡೆಸ್ತಿದ್ದ ಮಗಳು ಇಲ್ಲಿ ಬಂದು, ಒಂದು ಚೀಲ ಗೊಬ್ಬರ ತರಿಸೋಕೂ ಅಪ್ಪನ ಮುಖ ನೋಡಬೇಕು. ಹೊಸದಾಗಿ ಏನಾದರೂ ಹೇಳಿದರೆ "ನಾವು ಇದುವರೆಗೆ ತೋಟ ನಡೆಸಿಲ್ವಾ ಮಗಳೇ" ಅಂತ ಉತ್ತರ. ರೈಟರ್ ಕೂಡ ಅವಳ ಮಾತು ಕೇಳಿಸಿಕೊಂಡು, ಆಮೇಲೆ ಹೋಗಿ ಅಪ್ಪನನ್ನ ಕೇಳ್ತಾರೆ. ಎರಡು ಕೊಯ್ಲು ಕಳೆಯೋಷ್ಟರಲ್ಲಿ ಅವಳು ಬಸ್ ಹತ್ತುತ್ತಾಳೆ. ಅವಳಿಗೆ ತೋಟ ಬೇಡವಾಗಿತ್ತು ಅಂತ ನಾನು ಒಪ್ಪಲ್ಲ. ಅವಳಿಗೆ ಅಲ್ಲಿ ಕೆಲಸವೇ ಇರಲಿಲ್ಲ.

ಒಂದು ಪಟ್ಟಿ ತೋಟವನ್ನಾದರೂ ಪೂರ್ತಿ ಅವಳ ಕೈಗೆ ಕೊಡಿ. ಅದರ ಖರ್ಚು ಅವಳದು, ಕಪಾತು (ಗಿಡ ಸವರೋದು) ಅವಳದು, ಮಾರಾಟ ಅವಳದು. ರೈಟರ್ ಎದುರಿಗೇ ಹೇಳಿ, "ಈ ಪಟ್ಟಿಗೆ ನೀವು ಅವಳನ್ನೇ ಕೇಳಬೇಕು, ನನ್ನನ್ನಲ್ಲ." ಆ ವರ್ಷ ಫಸಲು ಸ್ವಲ್ಪ ಕಡಿಮೆ ಆದರೆ ಆಗಲಿ.

ನಮಗೆ ಇದು ಗೊತ್ತಿಲ್ಲದ ವಿದ್ಯೆಯೇನಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಶುರು ಮಾಡಿದಾಗ ಬಂದದ್ದು 60 ಒಕ್ಕಗಳು, ಅಂದರೆ ಕುಟುಂಬಗಳು. ಅದನ್ನ ಅವರು ತಮ್ಮ ಮನೆಯ ಪಂದ್ಯಾವಳಿಯಾಗಿ ಇಟ್ಟುಕೊಳ್ಳಬಹುದಿತ್ತು. ಹಾಗೆ ಆಗಲಿಲ್ಲ. ಪ್ರತಿ ವರ್ಷ ಬೇರೊಂದು ಒಕ್ಕ ನಡೆಸುತ್ತೆ, ಕಪ್ಪಿಗೆ ಆ ಒಕ್ಕದ ಹೆಸರೇ ಇರುತ್ತೆ. ಮೈದಾನ ಯಾವುದು, ದುಡ್ಡು ಹೇಗೆ ಕೂಡಿಸೋದು, ಬಂದವರಿಗೆ ಏನು ವ್ಯವಸ್ಥೆ, ಎಲ್ಲ ಆ ಒಕ್ಕದ ಜವಾಬ್ದಾರಿ. ಕುಟ್ಟಪ್ಪನವರು 2020ರಲ್ಲಿ ತೀರಿಕೊಂಡರು. ಕೊರೊನಾ ಕಳೆದ ಮೇಲೆ 2023ರಲ್ಲಿ ಪಂದ್ಯಾವಳಿ ಮತ್ತೆ ನಡೀತು, 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್‌ಗೆ 360 ಕುಟುಂಬಗಳು ಬಂದವು. ಕೆಲಸದ ಜೊತೆ ಹೆಸರನ್ನೂ ಕೊಟ್ಟದ್ದಕ್ಕೆ ಅದು ಬೆಳೀತು ಅಂತ ನಾನು ನಂಬ್ತೀನಿ.

"ಬಿಟ್ಟುಕೊಟ್ಟರೆ ಮೋಸ ಮಾಡ್ತಾರೆ" ಅನ್ನೋರಿಗೆ ಒಂದು ಮಾತು. ಮೋಸ ಹಿಡಿಯೋದು ಲೆಕ್ಕ, ಕಾವಲು ಅಲ್ಲ. ಹಸಿ ಹಣ್ಣಿನ ತೂಕಕ್ಕೂ ಒಣಗಿದ ಚೆರ್ರಿಯ ತೂಕಕ್ಕೂ ಒಂದು ಪ್ರಮಾಣ ಇದೆ, ಪ್ರತಿ ಬೆಳೆಗಾರರಿಗೂ ತಮ್ಮ ತೋಟದ ಪ್ರಮಾಣ ಗೊತ್ತು. ದಿನದ ಕೊಯ್ಲಿನ ತೂಕ ಪುಸ್ತಕದಲ್ಲಿ ಇದ್ದರೆ, ವಾರಕ್ಕೊಮ್ಮೆ ಒಂದು ಗಂಟೆ ಕೂತು ನೋಡಿದರೆ, ಎಲ್ಲಿ ಸೋರ್ತಿದೆ ಅಂತ ಕಾಣುತ್ತೆ. ದಿನವಿಡೀ ಹಿಂದೆ ನಿಂತವರಿಗೂ ಕಾಣದೇ ಇದ್ದದ್ದು ಕಾಣುತ್ತೆ. ಆ ಒಂದು ಗಂಟೆಯನ್ನ ಮಾತ್ರ ಯಾರಿಗೂ ಒಪ್ಪಿಸಬೇಡಿ.

ಮತ್ತೆ ಸಂಬಳ. ಜವಾಬ್ದಾರಿ ಕೊಟ್ಟು ಹಳೇ ಸಂಬಳವನ್ನೇ ಕೊಡೋದು ಅನ್ಯಾಯ. ಮ್ಯಾನೇಜರ್ ಕೆಲಸ ಮಾಡಿಸಿಕೊಂಡು ರೈಟರ್ ಸಂಬಳ ಕೊಟ್ಟರೆ ಅವರು ಬಿಟ್ಟು ಹೋಗ್ತಾರೆ, ಹೋಗಲೂಬೇಕು. ಬೆಲೆ ಏರಿದ ವರ್ಷ ಅವರ ಪಾಲೂ ಏರಲಿ.

ಎಲ್ಲಿಂದ ಶುರು ಮಾಡೋದು ಅಂತ ಕೇಳಿದರೆ, ತೋಟದವರಿಗೆ ನಾನು ಹೇಳೋದು ರೋಬಸ್ಟಾಗೆ ನೀರು ಕೊಡೋ ದಿನ. ಫೆಬ್ರವರಿಯಲ್ಲಿ ಮೊಗ್ಗು ತಯಾರಾಗಿರುತ್ತೆ, ಹೂಮಳೆ ಬರುತ್ತೋ ಇಲ್ಲವೋ ಗೊತ್ತಿರಲ್ಲ. ಕಾಯೋದೋ, ಸ್ಪ್ರಿಂಕ್ಲರ್ ಹಾಕೋದೋ? ನೀರು ಬಿದ್ದ ಒಂದು ವಾರ, ಹತ್ತು ದಿನದಲ್ಲಿ ಹೂ ಅರಳುತ್ತೆ, ವರ್ಷದ ಫಸಲು ಅದರ ಮೇಲೆ ನಿಂತಿದೆ. ಈ ಸಲ ರೈಟರನ್ನ ಕೂರಿಸಿಕೊಂಡು ಕೇಳಿ, "ನೀವಾದರೆ ಯಾವತ್ತು ಹಾಕ್ತೀರಿ, ಯಾಕೆ?" ಅವರ ಕಾರಣ ಪೂರ್ತಿ ಕೇಳಿ. ನಡುವೆ ಬಾಯಿ ಹಾಕಬೇಡಿ. ಕಾರಣ ಸರಿ ಅನ್ನಿಸಿದರೆ, ನಿಮ್ಮ ಲೆಕ್ಕಕ್ಕೆ ಎರಡು ದಿನ ಹೆಚ್ಚುಕಮ್ಮಿ ಇದ್ದರೂ, ಅವರು ಹೇಳಿದ ದಿನವೇ ಪಂಪ್ ಸ್ಟಾರ್ಟ್ ಆಗಲಿ.